ಹದಿಮೂರು ಸತ್ತ ಲೈನುಗಳು

ಎಪ್ಪತ್ತರ ದಶಕದ ನಡುವಿನ ಮಾತು. ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವೆ ಇರುವ ಒಂದು ಹೋಬಳಿ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಎರಡನೇ ಆಪರೇಟರ್ ಆಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರಿಗೆ ಬೇಜಾರು, ನನಗೆ ಇನ್ನೂ ಬೇಜಾರು. ಎಕ್ಸ್‌ಚೇಂಜು ಅಂದರೆ ದೊಡ್ಡದೇನೂ ಅಲ್ಲ. ಒಂದು ಕೋಣೆ, ಗೋಡೆಗೆ ಒಂದು ಮರದ ಬೋರ್ಡು, ಅದರ ಮುಂದೆ ಒಂದು ಕುರ್ಚಿ. ಬೋರ್ಡಿನಲ್ಲಿ ಒಂದೊಂದು ಫೋನಿಗೆ ಒಂದೊಂದು ತೂತು, ತೂತಿನ ಮೇಲೆ ಪುಟ್ಟ ತಗಡಿನ ಮುಚ್ಚಳ. ಊರಿನಲ್ಲಿ ಯಾರಾದರೂ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಯಾರು ಬೇಕು ಎಂದು ಕೇಳಿ, ಅವರ ತೂತಿಗೆ ವೈರು ಚುಚ್ಚಿ, ನಾವೂ ಒಂದು ಹಿಡಿ ತಿರುಗಿಸಿದರೆ ಅವರ ಮನೆಯಲ್ಲಿ ಗಂಟೆ ಬಡಿಯುತ್ತಿತ್ತು.

ಆ ಕುರ್ಚಿ ನನಗೆ ಏನಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಕುರಿ ಕಾಯುವ ಮನೆತನ. ನಮ್ಮ ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣು ನಾನು. ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು. ನನ್ನನ್ನು ಅವ್ವನ ತಮ್ಮನಿಗೆ ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವ ಹಿರಿಯೂರಿನ ಆಚೆ ಆದಿವಾಲದ ಕಡೆಯವನು. ಕುಡಿಯುವವನಲ್ಲ, ಬಯ್ಯುವವನಲ್ಲ, ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನು, ಅಷ್ಟೇ. ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಸುಲಭವಿತ್ತು. ನಾನು ಅತ್ತು ಕರೆದು ಮೂರು ದಿನ ಊಟ ಬಿಟ್ಟ ಮೇಲೆ ಅಪ್ಪ ಒಂದು ಮಾತು ಕೊಟ್ಟಿದ್ದ.

"ನೌಕ್ರಿ ಕಾಯಂ ಆತು ಅಂದ್ರೆ ನಿನ್ ದಾರಿ ನಿಂದು. ಮಾವಂಗೆ ನಾನೇ ಹೇಳ್ತೀನಿ. ಆಗ್ಲಿಲ್ಲ ಅಂದ್ರೆ ಸುಮ್ನೆ ಹಸೆ ಮ್ಯಾಲೆ ಕುಂತ್ಕ."

ನಾನು ಟೆಂಪರರಿ. ಕಾಯಂ ಆಗುವುದಕ್ಕೆ ಇನ್ನೊಂದು ವರ್ಷ ಬಾಕಿ ಇತ್ತು. ಆ ಒಂದು ವರ್ಷ ಯಾರ ಕಣ್ಣಿಗೂ ತಪ್ಪಾಗಿ ಬೀಳದೆ ದಾಟಬೇಕಿತ್ತು. ಅದೊಂದೇ ನನ್ನ ವ್ರತ.

ಮೊದಲನೇ ಆಪರೇಟರ್ ನಿವೃತ್ತಿಗೆ ನಾಲ್ಕೈದು ವರ್ಷ ಇದ್ದ ಮನುಷ್ಯ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಮಾತು ಕಡಿಮೆ. ಒಂದು ವಾರ ಬೆಳಗಿನ ಪಾಳಿ ಅವರದು, ಮಧ್ಯಾಹ್ನದ್ದು ನನ್ನದು. ಮರುವಾರ ಅದಲು ಬದಲು. ನನಗೆ ಕೆಲಸ ಕಲಿಸಿದವರು ಅವರೇ. ಬೇರೆ ಏನು ಕಲಿಸಿದರೋ ಬಿಟ್ಟರೋ, ಬೆಳಗಿನ ಪರೀಕ್ಷೆಯನ್ನು ಮಾತ್ರ ಮಂತ್ರ ಹೇಳಿಕೊಟ್ಟ ಹಾಗೆ ಕಲಿಸಿದರು.

ಬೆಳಗಿನ ಪರೀಕ್ಷೆ ಎಂದರೆ ಇದು. ಎಂಟು ಗಂಟೆಗೆ ಬಾಗಿಲು ತೆಗೆದು, ಬೋರ್ಡು ಒರೆಸಿ, ರಿಜಿಸ್ಟರಿನಲ್ಲಿ ಇರುವ ಪ್ರತಿ ಲೈನಿಗೂ ಒಂದು ಸಲ ಗಂಟೆ ಬಾರಿಸಬೇಕು. ಆ ಕಡೆಯವರು ಎತ್ತಿ "ಹಾಂ, ಐತೆ" ಎಂದರೆ ಆ ಲೈನು ಸರಿ ಇದೆ ಎಂದು ಟಿಕ್ಕು. ಎತ್ತದಿದ್ದರೆ ಒಂದು ನಿಮಿಷ ಕಾದು ಮತ್ತೆ, ಮತ್ತೊಂದು ನಿಮಿಷ ಕಾದು ಮತ್ತೆ. ಮೂರು ಸಲ ಆದ ಮೇಲೆ 'ಉತ್ತರ ಇಲ್ಲ' ಎಂದು ಬರೆದು ಮುಂದಿನದು. ಎಲ್ಲ ಮುಗಿದ ಮೇಲೆಯೇ ಬೋರ್ಡು ಊರಿಗೆ ತೆರೆಯಬೇಕು.

ರಿಜಿಸ್ಟರಿನಲ್ಲಿ ನಲವತ್ತಮೂರು ಲೈನು ಇದ್ದವು. ಮೂವತ್ತು ಲೈನು ಹತ್ತೇ ನಿಮಿಷದಲ್ಲಿ ಮುಗಿಯುತ್ತಿದ್ದವು. ಉಳಿದ ಹದಿಮೂರು ಎಂದೂ ಉತ್ತರ ಕೊಟ್ಟವಲ್ಲ. ಒಂದು ಮುಚ್ಚಿಹೋದ ಕಡಲೆಕಾಯಿ ಎಣ್ಣೆ ಮಿಲ್ಲಿನದು. ಮೂರು ಕೆಲಸ ನಿಂತ ಮ್ಯಾಂಗನೀಸ್ ಗಣಿಯವು. ಒಂದು ಊರು ಬಿಟ್ಟು ಹೋದ ಕೊಬ್ಬರಿ ವ್ಯಾಪಾರಿಯದು. ಇನ್ನು ಕೆಲವು ಯಾರವೆಂದು ಮೊದಲನೇ ಆಪರೇಟರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈ ಹದಿಮೂರಕ್ಕೇ ಮುಕ್ಕಾಲು ಗಂಟೆ. ಎಂಟಕ್ಕೆ ಬಾಗಿಲು ತೆಗೆದ ಎಕ್ಸ್‌ಚೇಂಜು ಏಳುವ ಹೊತ್ತಿಗೆ ಒಂಬತ್ತು ಹೊಡೆಯುತ್ತಿತ್ತು. ಅಷ್ಟು ಹೊತ್ತು ಊರಿನವರ ಮುಚ್ಚಳಗಳು ಟಪ್ ಟಪ್ ಎಂದು ಬೀಳುತ್ತಲೇ ಇರುತ್ತಿದ್ದವು. ನಾವು ಅವನ್ನು ನೋಡುತ್ತ, ಯಾರೂ ಇಲ್ಲದ ಕಡೆಗೆ ಗಂಟೆ ಬಾರಿಸುತ್ತ ಕೂತಿರುತ್ತಿದ್ದೆವು.

ಬೆಳಗಿನ ಹೊತ್ತೇ ತಿಪಟೂರಿನ ಕೊಬ್ಬರಿ ಧಾರಣೆ ತಿಳಿಯಬೇಕಾದ ಮಂಡಿಯವರು ನನ್ನ ವಾರ ಬಂದರೆ ಕಿಟಕಿಗೇ ಬಂದು ನಿಲ್ಲುತ್ತಿದ್ದರು.

"ಏನವ್ವ, ಊರಿಗೆಲ್ಲ ಬೆಳಗಾಗೈತೆ. ನಿಮ್ ಎಕ್ಸ್‌ಚೇಂಜಿಗೆ ಯಾವಾಗ್ ಆಗೋದು?"

ಹಿರಿಯ ಆಪರೇಟರನ್ನು ಕೇಳುವ ಧೈರ್ಯ ಇಲ್ಲದವರೆಲ್ಲ ನನ್ನನ್ನು ಕೇಳುತ್ತಿದ್ದರು. ಒಬ್ಬರು ಮೇಲಿನ ಕಚೇರಿಗೆ ದೂರು ಬರೆಯುತ್ತೇನೆ ಎಂದರು. ದೂರು ಹೋದರೆ ಅದರಲ್ಲಿ ಯಾರ ಹೆಸರು ಇರುತ್ತದೆ ಎಂದು ನನಗೆ ಗೊತ್ತಿತ್ತು. ಕಾಯಂ ಆದವರಿಗೆ ದೂರು ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಟೆಂಪರರಿಗೆ ಹಾಗಲ್ಲ.

ಒಂದು ಭಾನುವಾರ ಕುರಿ ನೋಡಲು ದೊಡ್ಡಪ್ಪನ ರೊಪ್ಪದ ಕಡೆ ಹೋಗಿದ್ದೆ. ರೊಪ್ಪ ಎಂದರೆ ನಮ್ಮ ಕಡೆ ಕುರಿ ಕೂಡುವ ಬೇಲಿ. ಜಾಲಿಮುಳ್ಳಿನ ನಡುವೆ ಒಳ್ಳೆ ಗಟ್ಟಿ ತಂತಿ ಮೂರು ಸುತ್ತು ಬಿಗಿದಿತ್ತು. ಎಲ್ಲಿಯದು ಎಂದೆ. ದೊಡ್ಡಪ್ಪ ಗುಡ್ಡದ ಕಡೆ ಕೈ ತೋರಿಸಿದ. ಗಣಿಗೆ ಹೋಗುವ ದಾರಿಯಲ್ಲಿ ಟೆಲಿಫೋನ್ ಕಂಬಗಳು ಬೋಳಾಗಿ ನಿಂತಿದ್ದವು.

"ಗಣಿ ಮುಚ್ಚಿ ಆರೇಳು ವರ್ಷ ಆತು. ತಂತಿ ನೆಲಕ್ ಬಿದ್ದಿತ್ತು, ತಂದ್ವಿ. ಯಾಕವ್ವ, ಸರ್ಕಾರ ಕೇಳ್ತೈತಾ?"

ಸರ್ಕಾರ ಕೇಳುತ್ತಿರಲಿಲ್ಲ. ಸರ್ಕಾರ ದಿನಾ ಬೆಳಿಗ್ಗೆ ಎಂಟು ಗಂಟೆಗೆ ದೊಡ್ಡಪ್ಪನ ಕುರಿಗಳಿಗೆ ಫೋನ್ ಮಾಡುತ್ತಿತ್ತು. ಅಲ್ಲೇ ನಿಂತು ನಕ್ಕೆ. ಮನೆಗೆ ಬರುವ ಹೊತ್ತಿಗೆ ಆ ನಗು ಸಿಟ್ಟಾಗಿತ್ತು.

ಮರುದಿನ ಹಿರಿಯ ಆಪರೇಟರಿಗೆ ಹೇಳಿದೆ. "ಸಾರ್, ಗಣಿ ಲೈನಿಗೆ ತಂತೀನೇ ಇಲ್ಲ. ಆ ಹದಿಮೂರನ್ನೂ ರಿಜಿಸ್ಟರಿಂದ ತೆಗಿಸಿಬಿಟ್ರೆ ಎಂಟೂ ಕಾಲಿಗೆ ಬೋರ್ಡು ತೆರೀಬಹುದು."

ಅವರು ಕನ್ನಡಕ ತೆಗೆದು ಒರೆಸಿದರು. "ರಿಜಿಸ್ಟರ್ನಾಗೆ ಐತೆ ಅಂದ್ರೆ ರಿಂಗ್ ಮಾಡ್ಬೇಕವ್ವ."

"ಹಂಗಾರೆ ರಿಂಗ್ ಮಾಡ್ದೇನೆ ಉತ್ತರ ಇಲ್ಲ ಅಂತ ಬರ್ದುಬಿಡಾಣ. ಹೆಂಗಿದ್ರೂ ಉತ್ತರ ಇರಲ್ಲ."

"ರಿಂಗ್ ಮಾಡ್ದೆ ಬರದ್ರೆ ಅದು ಸುಳ್ಳಾಗ್ತೈತೆ. ಮಾಡಿ ಬರದ್ರೆ ನಿಜ ಆಗ್ತೈತೆ."

ಇವರ ತಲೆ ಇಲಾಖೆಯ ನಿಯಮದ ಪುಸ್ತಕದಲ್ಲೇ ಬೆಂದುಹೋಗಿದೆ ಎಂದುಕೊಂಡೆ. ಮನೆಯಲ್ಲಿ ಅವ್ವನ ಮುಂದೆ ಅವರ ಹಾಗೆ ಕನ್ನಡಕ ಒರೆಸಿ, ಇಲ್ಲದ ಫೋನಿಗೆ 'ಹಲೋ' ಎಂದು ತೋರಿಸಿ ನಗಿಸುತ್ತಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಮೇಲೆ ಅವರ ಅಕ್ಕನ ಮಗಳ ಮದುವೆ ಬಂತು. ಹತ್ತು ದಿನ ರಜೆ ಹಾಕಿ ಹೋದರು. ಮಧ್ಯಾಹ್ನದ ಪಾಳಿಗೆ ಹೊಸದುರ್ಗದಿಂದ ಒಬ್ಬರು ಬಂದರು, ಬೆಳಗಿನದು ಪೂರಾ ನನ್ನ ಕೈಗೆ. ಸುಮ್ಮನಿರಲಾರದವಳು ಇರುವೆ ಬಿಟ್ಟುಕೊಂಡಳು ಎನ್ನುವುದು ನನ್ನಂಥವರನ್ನು ನೋಡಿಯೇ. ಮೊದಲ ದಿನವೇ ಹಾಳೆಗೆ ಗೆರೆ ಹಾಕಿ ಒಂದು ಪಟ್ಟಿ ಬರೆದೆ. ಲೈನಿನ ನಂಬರು, ಯಾರದು, ಎಷ್ಟು ದಿನದಿಂದ ಉತ್ತರ ಇಲ್ಲ, ತಂತಿ ಇದೆಯೋ ಇಲ್ಲವೋ. ಇದಕ್ಕಾಗಿ ಮೊದಲೇ ಎರಡು ಸಂಜೆ ಕಂಬದಿಂದ ಕಂಬಕ್ಕೆ ನಡೆದು ನೋಡಿದ್ದೆ. ಕೆಳಗೆ 'ಈ ಲೈನುಗಳನ್ನು ತೆಗೆದುಹಾಕಿದರೆ ಸಾರ್ವಜನಿಕರಿಗೆ ಮುಕ್ಕಾಲು ಗಂಟೆ ಬೇಗ ಸೇವೆ ಸಿಗುತ್ತದೆ' ಎಂದು ಬರೆದು, ದುಂಡಗೆ ಸಹಿ ಹಾಕಿ, ಜಿಲ್ಲಾ ಕೇಂದ್ರ ದುರ್ಗದ ಮೇಲಿನ ಕಚೇರಿಗೆ ಕಳಿಸಿದೆ.

ಮೇಲಿನವರು ಎಂದೂ ಇಲ್ಲದ ಚುರುಕಿನಲ್ಲಿ ಆರನೇ ದಿನ ಬಂದರು. ಅಧಿಕಾರಿ ಬೋರ್ಡಿನ ಮುಂದೆ ಕೂತು ಹದಿಮೂರು ಲೈನಿಗೂ ತಾವೇ ಗಂಟೆ ಬಾರಿಸಿ ನೋಡಿದರು. ಕೆಂಪು ಶಾಯಿಯಲ್ಲಿ ಒಂದೊಂದನ್ನೇ ಹೊಡೆದುಹಾಕಿದರು. ಏಳುವಾಗ ನನ್ನ ಕಡೆ ತಿರುಗಿ, "ಜಾಣೆ ಇದ್ದೀಯಮ್ಮ. ಇಷ್ಟು ವರ್ಷದಲ್ಲಿ ಯಾರೂ ಇದನ್ನ ಬರೆದು ಕಳಿಸಿರಲಿಲ್ಲ" ಎಂದರು. ಮಾರನೆಯ ದಿನ ಎಂಟು ಗಂಟೆ ಹತ್ತು ನಿಮಿಷಕ್ಕೆ ನಾನು ಊರಿಗೆ ಬೋರ್ಡು ತೆರೆದೆ. ಮಂಡಿಯವರು ಎರಡು ಎಳನೀರು ಕೆತ್ತಿಸಿ ಕಳಿಸಿದರು. ಅಪ್ಪನಿಗೆ ಹೇಳಿದೆ, ಅಧಿಕಾರಿಯ ಬಾಯಲ್ಲಿ ನನ್ನ ಹೆಸರು ಇದೆ, ಇನ್ನು ಕಾಯಂ ಆದ ಹಾಗೆಯೇ. ಅಪ್ಪ ಮೀಸೆ ತಿರುವಿಕೊಂಡು ಹಟ್ಟಿಯಲ್ಲೆಲ್ಲ ಹೇಳಿ ಬಂದ.

ರಜೆ ಮುಗಿಸಿ ಬಂದವರು ರಿಜಿಸ್ಟರು ತೆಗೆದರು. ಕೆಂಪು ಗೆರೆಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಬಯ್ಯುತ್ತಾರೆ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ಬಯ್ಯಲಿಲ್ಲ.

"ಎಲ್ಲಾನೂ ತೆಗ್ಸಿಬಿಟ್ಯಾ? ಒಂದ್ನೂ ಬಿಡ್ಲಿಲ್ವಾ?"

"ಇಲ್ಲ ಸಾರ್, ಹದಿಮೂರೂ."

ರಿಜಿಸ್ಟರು ಮುಚ್ಚಿ ಹೊರಗೆ ಹೋಗಿ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದರು. ಸೋಲು ನುಂಗಲು ಕಷ್ಟವಾಗುತ್ತಿದೆ ಎಂದು ನಾನು ಒಳಗೊಳಗೇ ಬೀಗಿದೆ.

ಎರಡು ತಿಂಗಳಿಗೆ ಪತ್ರ ಬಂತು. ಅವರೇ ಓದಿ ನನ್ನ ಕೈಗೆ ಕೊಟ್ಟರು. ನಲವತ್ತಕ್ಕಿಂತ ಕಡಿಮೆ ಲೈನಿರುವ ಕಡೆ ಒಬ್ಬರೇ ಆಪರೇಟರ್. ಈ ಎಕ್ಸ್‌ಚೇಂಜಿನಲ್ಲಿ ಈಗ ಮೂವತ್ತೇ ಇರುವುದರಿಂದ ಎರಡನೇ ಹುದ್ದೆ ರದ್ದು, ಟೆಂಪರರಿ ಆಪರೇಟರಿಗೆ ಒಂದು ತಿಂಗಳ ನೋಟೀಸು. ಓದಿದೆ, ಮತ್ತೊಮ್ಮೆ ಓದಿದೆ. ನಾನೇ ಗೆರೆ ಹಾಕಿ ಕಳಿಸಿದ ಪಟ್ಟಿಯನ್ನು ಪತ್ರದ ಹಿಂದೆ ಪಿನ್ನು ಚುಚ್ಚಿ ಸೇರಿಸಿದ್ದರು.

"ನಿಮಗೆ ಗೊತ್ತಿತ್ತು" ಎಂದೆ.

"ಗೊತ್ತಿತ್ತು."

"ಇಷ್ಟು ವರ್ಷ ರಿಂಗ್ ಮಾಡಿದ್ದು ಇದಕ್ಕೇನಾ?"

"ಮತ್ತಿನ್ಯಾತಕ್ಕವ್ವ? ನಿಂಗಿಂತ ಮೊದ್ಲು ಇದ್ದೋನು ಅದ್ರಾಗೇ ಕಾಯಂ ಆಗಿ ಹೋದ. ನೀನೂ ಆಗ್ತಿದ್ದೆ. ಇನ್ನೊಂದು ವರ್ಷ ಮುಕ್ಕಾಲು ಮುಕ್ಕಾಲು ಗಂಟೆ ತಡ ಆಗಿದ್ರೆ ಊರೇನು ಮುಳುಗ್ತಿತ್ತಾ?"

"ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ ಸಾರ್?"

ಅವರು ಕಿವಿಯ ಪೆನ್ಸಿಲ್ಲು ತೆಗೆದು ರಿಜಿಸ್ಟರಿನ ಮೇಲಿಟ್ಟರು. "ನೀನೂ ಗೊತ್ತಿದ್ದು ಮಾಡಿದ್ರೆ, ಒಂದಿನ ಮ್ಯಾಲಿನೋರು ಹಿಡಿದ್ರೆ ಇಬ್ರೂ ಸಿಗಾಕ್ಕಂತಿದ್ವಿ. ಗೊತ್ತಿಲ್ದಿದ್ರೆ ನೀನಾದ್ರೂ ಉಳೀತಿದ್ದೆ. ನಿನ್ ಒಳ್ಳೇದಕ್ಕೇ ಹೇಳ್ಲಿಲ್ಲ."

ಆ ಮನುಷ್ಯನ ಕಾಲಿಗೆ ಬೀಳಬೇಕೋ, ಮುಖಕ್ಕೆ ಪತ್ರ ಎಸೆಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ. ಆ ತಿಂಗಳು ನನ್ನ ಬೆಳಗಿನ ಪಾಳಿ ಇದ್ದ ದಿನವೆಲ್ಲ ಸರಿಯಾಗಿ ಎಂಟೂ ಹತ್ತಕ್ಕೆ ಬೋರ್ಡು ತೆರೆದೆ. ನಾನು ಬಿಟ್ಟ ಮೇಲೆ ಒಬ್ಬರೇ ಆಪರೇಟರ್ ಆದ್ದರಿಂದ ಮಧ್ಯಾಹ್ನ ಎರಡಕ್ಕೇ ಎಕ್ಸ್‌ಚೇಂಜು ಮುಚ್ಚುವುದಾಯಿತು. ಎಳನೀರು ಕಳಿಸಿದ ಮಂಡಿಯವರೇ, ಬುದ್ಧಿವಂತೆ ಬಂದು ಸಂಜೆಯ ಫೋನು ತಿಂದಳು ಎಂದು ಆಡಿಕೊಂಡರಂತೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವಳಿಗೆ ಅಷ್ಟಾದರೂ ಬೇಕಲ್ಲ.

ಅಪ್ಪ ಮಾತಿಗೆ ತಪ್ಪುವವನಲ್ಲ. ಮಾಘದಲ್ಲಿ ಲಗ್ನವಾಯಿತು. ಆದಿವಾಲಕ್ಕೆ ಹೋಗುವಾಗ ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕಾದೆವು. ಗಂಡ ನನ್ನನ್ನು ಕೂರಿಸಿ, ಪಕ್ಕದಲ್ಲಿ ಟ್ರಂಕ್ ಇಟ್ಟು, ಬಾಳೆಹಣ್ಣು ತರಲು ಹೋದ. ಒಳ್ಳೆಯವನೇ. ಈ ನಲವತ್ತು ಚಿಲ್ಲರೆ ವರ್ಷದಲ್ಲಿ ಅವನ ಬಗ್ಗೆ ದೂರುವಂಥದ್ದು ಒಂದೂ ಸಿಕ್ಕಿಲ್ಲ. ಕುರಿ, ಹೊಲ, ಮಕ್ಕಳು, ಎಲ್ಲ ಆಯಿತು. ನೌಕರಿ ಮಾಡಿದ್ದೆ ಎಂದರೆ ಸೊಸೆಯಂದಿರು ಎಷ್ಟು ದಿನ ಎಂದು ಕೇಳುತ್ತಾರೆ.

ನನ್ನ ಕೆಲಸ ಹೋದದ್ದು ನನ್ನ ಕೈಯಿಂದಲೇ. ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆದರೆ ಒಂದು ಸಿಟ್ಟು ಮಾತ್ರ ಇನ್ನೂ ಆರಿಲ್ಲ. ತೊಟ್ಟಿಲಲ್ಲಿದ್ದವಳಿಗೆ ಗಂಡು ಗೊತ್ತು ಮಾಡಿದವರೂ ನನ್ನ ಒಳ್ಳೆಯದಕ್ಕೇ ಮಾಡಿದ್ದು, ರಿಜಿಸ್ಟರಿನ ಗುಟ್ಟು ಮುಚ್ಚಿಟ್ಟವರೂ ನನ್ನ ಒಳ್ಳೆಯದಕ್ಕೇ ಮುಚ್ಚಿಟ್ಟದ್ದು. ಸಿಕ್ಕಿಬಿದ್ದರೆ ಇಬ್ಬರೂ ಹೋಗುತ್ತಿದ್ದೆವಂತೆ. ಹೋಗುತ್ತಿದ್ದೆವು, ನಿಜ. ಆ ಅಪಾಯಕ್ಕೆ ನಾನು ತಯಾರಿದ್ದೇನೋ ಇಲ್ಲವೋ ಎಂದು ಒಬ್ಬರಾದರೂ ನನ್ನನ್ನು ಕೇಳಿದ್ದರೆ, ತಯಾರಿದ್ದೇನೆ ಎನ್ನುತ್ತಿದ್ದೆ.