ಮುದ್ದೆ ಅಗಿಯುತ್ತಿದ್ದ ಮೇಷ್ಟ್ರು

ಅಮೃತೂರಿನ ಶಾಲೆಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಡ್ರಿಲ್ ಮೇಷ್ಟ್ರ ಹೊಟ್ಟೆ ಊರಿಗೆಲ್ಲ ಪರಿಚಿತ. ಯಾರಾದರೂ "ಚೆನ್ನಾಗಿದೀರಾ ಸಾ?" ಎಂದರೆ ಸಾಕು, ಆ ದಿನದ ಉರಿ, ತೇಗು, ಮಲದ ಬಣ್ಣ, ಎಲ್ಲದರ ವರದಿ ಒಪ್ಪಿಸುತ್ತಿದ್ದರು. ಒಳಗೆ ಕ್ಯಾನ್ಸರ್ ಇದೆಯೆಂದು ಮೊಬೈಲು ಅವರಿಗೆ ಹೇಳಿತ್ತು. ತುಮಕೂರಿನ ಡಾಕ್ಟರು ಬಾಯಿಂದ ಪೈಪು ಇಳಿಸಿ ನೋಡಿ, ಏನೂ ಇಲ್ಲ ಎಂದರು. ಪಾಪ, ಡಾಕ್ಟರು ಮೊಬೈಲಿನಷ್ಟು ಓದಿದವರಲ್ಲ.

"ಏನೂ ಇಲ್ಲ ಅಂದ್ರೆ ಇನ್ನೂ ಸಿಕ್ಕಿಲ್ಲ ಅಂತ ಕಣಪ್ಪ," ಎಂದು ಮೇಷ್ಟ್ರು ಹೊಟ್ಟೆ ಸವರಿಕೊಂಡರು. ಆಮೇಲೆ ದಿನವೂ ಅದೇ ಮಾತು, ಅದೇ ಸವರಾಟ.

ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕೆಂದೂ ಮೊಬೈಲೇ ಹೇಳಿತು. ಕುಣಿಗಲ್ಲಿನ ಒಂದು ಬೀಗರ ಊಟದಲ್ಲಿ ಮೇಷ್ಟ್ರು ಮುದ್ದೆಯನ್ನೂ ಅಗಿಯತೊಡಗಿದರು. ಬಲಗೈಯಲ್ಲಿ ತುತ್ತು, ಎಡಗೈ ಬೆರಳಲ್ಲಿ ಎಣಿಕೆ. ನಮ್ಮ ಕಡೆ ಹಾಲುಹಲ್ಲಿನ ಮಗುವೂ ಮುದ್ದೆಯನ್ನು ನುಂಗುತ್ತದೆ, ಅಗಿಯುವುದಿಲ್ಲ. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಉಳಿದವರು ಏಳುವಂತೆಯೂ ಇಲ್ಲ. ಇಡೀ ಸಾಲು ಎಂಜಲು ಕೈ ಒಣಗಿಸಿಕೊಂಡು ಕೂತಿತ್ತು.

"ನುಂಗಿ ಸಾ, ಅದೇನು ಚೂಯಿಂಗ್ ಗಮ್ಮಾ?" ಎಂದರು ಪಕ್ಕದ ಎಲೆಯ ಅಜ್ಜ.

ಮೇಷ್ಟ್ರು ಬಾಯಿ ತೆರೆಯದೆ, ಇನ್ನು ಐದೇ ಎಂದು ಎಡಗೈ ಎತ್ತಿ ತೋರಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅವರು ಗುಬ್ಬಿ ಕಡೆಗೆ ವರ್ಗವಾಗಿ ಹೋದರು. ಈಗ ಮೂರು ವಾರದಿಂದ ನನ್ನ ಎದೆಯ ಕೆಳಗೆ ಉರಿ. ಯಾರಿಗೂ ಹೇಳಿಲ್ಲ. ನಿನ್ನೆ ಊಟಕ್ಕೆ ಕೂತಾಗ ಹೆಂಡತಿ ನನ್ನ ಬಾಯನ್ನೇ ದಿಟ್ಟಿಸಿದಳು.

"ಏನ್ರೀ, ಮುದ್ದೆ ಅಗೀತಿದೀರಾ?"

ಬಾಯಿ ತೆರೆಯದೆ, ತಾಳು ಎಂದು ಎಡಗೈ ಎತ್ತಿದೆ. ಎಣಿಕೆಯಲ್ಲಿ ಆಗಿನ್ನೂ ಹದಿನೇಳಕ್ಕೆ ಬಂದಿದ್ದೆ.