ದಾಯಾದಿಗಳ ಎಡೆ

ಆ ದಿನಗಳಲ್ಲಿ ನಮ್ಮ ಹಲಸೂರಿನ ಓಣಿಯಲ್ಲಿ ಕೊಲೆಯೆಂದರೆ ಪೇಪರಿನ ಸುದ್ದಿಯಲ್ಲ, ಪಕ್ಕದ ಮನೆಯ ವಿಷಯ. ಯಾರು, ಯಾರನ್ನು, ಯಾಕೆ ಎಂಬುದು ಕುಂಟೆಬಿಲ್ಲೆ ಆಡುವ ಹುಡುಗಿಯರಿಗೂ ಗೊತ್ತಿತ್ತು. ಯುದ್ಧ ನಡೆಯುತ್ತಿತ್ತು, ಮದರಾಸು ರಸ್ತೆಯ ತುಂಬ ಮಿಲಿಟರಿ ಲಾರಿಗಳು. ನಮ್ಮ ಪಾಲಿಗೆ ಮಾತ್ರ ಸತ್ತವನು ನಾರಾಯಣಪ್ಪ ಒಬ್ಬನೇ.

ನಾರಾಯಣಪ್ಪ, ಯಲ್ಲಪ್ಪ ಅಣ್ಣತಮ್ಮಂದಿರ ಮಕ್ಕಳು. ಕೆರೆಯ ಕೆಳಗೆ ಇಬ್ಬರದೂ ಅಕ್ಕಪಕ್ಕ ಸೊಪ್ಪಿನ ತೋಟ. ದಾಯಾದಿ ಮತ್ಸರ ಅನ್ನುತ್ತಾರಲ್ಲ, ಒಂದು ಬೇಸಿಗೆ ನೀರಿನ ಸರದಿಗೆ ಜಗಳವಾಗಿ ಯಲ್ಲಪ್ಪ ಗುದ್ದಲಿ ಎತ್ತಿದ. ಅಣ್ಣ ನಾರಾಯಣಪ್ಪ ಕಾಲುವೆಯಲ್ಲೇ ಸತ್ತುಬಿದ್ದ. ತಮ್ಮ ಬೈಯಪ್ಪನಹಳ್ಳಿ ಕಡೆಗೆ ಓಡಿ ಗಡಿ ದಾಟಿದ. ಈ ಕಡೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಬ್ರಿಟಿಷ್ ಪೊಲೀಸು, ಆ ಕಡೆ ಮಹಾರಾಜರ ಸೀಮೆ. ಇವರ ಕಾಗದ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಇನ್ನೊಂದು ಹಳ್ಳಿಯ ನೆಂಟರ ಮನೆಯಲ್ಲಿರುತ್ತಿದ್ದ. ಸಿಕ್ಕರೆ ಗಲ್ಲೇ ಎಂದು ಓಣಿಯೆಲ್ಲ ಹೇಳುತ್ತಿತ್ತು. ಅವನ ತಾಯಿ ಮುನಿಯಮ್ಮನಿಗೆ ಮಗನನ್ನು ಉಳಿಸಿಕೊಳ್ಳುವುದೊಂದೇ ಧ್ಯಾನ.

ವರ್ಷ ಕಳೆದು ಮಹಾಲಯ ಅಮಾವಾಸ್ಯೆ ಬಂತು. ನಾರಾಯಣಪ್ಪ ಹಿರಿಯರ ಸಾಲಿಗೆ ಸೇರಿದ ಮೇಲಿನ ಮೊದಲ ಎಡೆ. ದಾಯಾದಿಗಳೆಲ್ಲ ಹಿರೀಕರ ಮನೆಯಲ್ಲಿ ಸೇರಿ ಒಂದೇ ಎಡೆ ಇಡುವುದು ಅವರ ಪದ್ಧತಿ, ಆ ಮನೆ ಮುನಿಯಮ್ಮನದು. ಆ ದಿನ ಹಗೆ ಸಾಧಿಸಿದರೆ ಹಿರಿಯರು ಉಣ್ಣದೆ ಹೋಗುತ್ತಾರೆಂದು ನಂಬಿಕೆ. ಅದನ್ನೇ ನೆಚ್ಚಿಕೊಂಡು ಆಕೆ ಮಗನಿಗೆ ಹೇಳಿ ಕಳಿಸಿದಳು.

"ಬಂದು ಅಣ್ಣನಿಗೆ ಅಡ್ಡಬಿದ್ದು ಹೋಗ್ಲಿ. ಆಗ್ಲಾದ್ರೂ ಅವನ ಕೋಪ ಇಳೀತದೆ" ಎಂದು ನಮ್ಮಮ್ಮನ ಹತ್ತಿರ ಹೇಳಿದ್ದಳು.

ನಾರಾಯಣಪ್ಪನ ಹೆಂಡತಿ ಲಕ್ಷ್ಮಮ್ಮ ಬೆಳಗಿನಿಂದ ಅಲ್ಲೇ ಮಸಾಲೆ ಅರೆಯುತ್ತಿದ್ದಳು. ಬಾಡಿನ ಸಾರು, ವಡೆ, ಕಜ್ಜಾಯ, ಸಾಂಬ್ರಾಣಿ ಎಲ್ಲದರ ವಾಸನೆಗೆ ನಮ್ಮ ಹೊಟ್ಟೆ ಚುರುಗುಟ್ಟುತ್ತಿತ್ತು. ಎಡೆ ಇಟ್ಟು, ಸತ್ತವನ ಹೆಸರಿನಲ್ಲಿ ಹೊಸ ಪಂಚೆ ಇಟ್ಟು, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಅಂಗಳದಲ್ಲಿ ನಿಂತೆವು. ಆಗ ಯಲ್ಲಪ್ಪ ಬಂದ. ಗಡ್ಡ ಬಿಟ್ಟು ಬಡಕಲಾಗಿದ್ದ. ಬಾಗಿಲು ತೆರೆದಾಗ ಒಳಗೆ ಹೋಗಿ ಎಡೆಯ ಮುಂದೆ ಉದ್ದಕ್ಕೆ ಬಿದ್ದವನು ಏಳದೆ ಗೋಳೋ ಎಂದು ಅತ್ತ.

ಲಕ್ಷ್ಮಮ್ಮ ಎಲೆ ಹಾಕಿದಳು. "ಎದ್ದು ಉಣ್ಣಪ್ಪ" ಎಂದಳು. ಮುದ್ದೆ ಇಟ್ಟು ಸಾರು ಬಿಟ್ಟಳು. ಅವನು ಉಂಡು ಕೈ ತೊಳೆದ ಮೇಲೆ ಹೇಳಿದಳು: "ನಮ್ಮಣ್ಣನ್ನ ಠಾಣೆಗೆ ಕಳಿಸಿವ್ನಿ, ಯಲ್ಲಪ್ಪ. ಪೊಲೀಸ್ನೋರು ಬರ್ತಾವ್ರೆ."

ಮುನಿಯಮ್ಮ ಎದೆ ಬಡಿದುಕೊಂಡಳು. "ಇವತ್ತಾ ಲಕ್ಷ್ಮೀ? ಹಿರೀರ ದಿನ ಹಗೆ ಸಾಧಿಸ್ತೀಯಾ?"

"ಹಿರೀರು ಉಂಡಾಯ್ತು ದೊಡ್ಡತ್ತೆ. ಇವನೂ ಉಂಡ. ನನ್ ಗಂಡನ್ ಲೆಕ್ಕ ಇನ್ನೂ ಬಾಕಿ ಇತ್ತು."

"ಓಡೋ!" ಎಂದು ತಾಯಿ ಮಗನನ್ನು ಹಿತ್ತಲ ಬಾಗಿಲಿಗೆ ದಬ್ಬಿದಳು.

"ಸಾಕವ್ವ, ಇನ್ನೆಷ್ಟು ದಿನ ಓಡ್ಲಿ" ಎಂದು ಅವನು ಜಗಲಿಯ ಮೇಲೆ ಕುಳಿತುಬಿಟ್ಟ. ನನಗೆ ಇಬ್ಬರು ಹೆಂಗಸರ ಮೇಲೂ ಅಯ್ಯೋ ಅನ್ನಿಸಿತು. ಮುನಿಯಮ್ಮನ ಮೇಲೆ ಒಂದು ಕೈ ಹೆಚ್ಚು, ನಮಗೆ ಕಜ್ಜಾಯ ಕೊಡುತ್ತಿದ್ದವಳು ಅವಳೇ.

ಯಲ್ಲಪ್ಪನಿಗೆ ಗಲ್ಲಾಯಿತು. ಅವನ ವರ್ಷ ಮುಗಿದ ಮೇಲೆ ಬಂದ ಮಹಾಲಯಕ್ಕೆ ಲಕ್ಷ್ಮಮ್ಮ ಬರಲಾರಳೆಂದು ಓಣಿ ಮಾತಾಡಿಕೊಂಡಿತು. ಬಂದಳು. ಮುನಿಯಮ್ಮ ಸರಿದು ಒಲೆಯ ಮುಂದೆ ಜಾಗ ಬಿಟ್ಟಳು. ಅಣ್ಣತಮ್ಮಂದಿರಿಬ್ಬರಿಗೂ ಆ ವರ್ಷ ಒಂದೇ ಎಡೆ ಬಿತ್ತು. ಆ ಹೆಂಗಸರಿಬ್ಬರೂ ಇರುವವರೆಗೆ ಅದು ತಪ್ಪಲಿಲ್ಲ.

ಆ ತೋಟಗಳು ಈಗಿಲ್ಲ. ಮೊನ್ನೆ ಒಂದು ಮದುವೆಯಲ್ಲಿ ಲಕ್ಷ್ಮಮ್ಮನ ಮೊಮ್ಮಗ ಸಿಕ್ಕಿದ್ದ. "ನಿಮ್ಮ ದಾಯಾದಿಗಳೆಲ್ಲ ಹೇಗಿದ್ದಾರಪ್ಪ?" ಎಂದು ಕೇಳಿದೆ.

"ಯಾರಜ್ಜಿ ಅವ್ರು?" ಎಂದ.

ಪಾಪ, ಅವನಿಗೆ ಯಾರ ಮೇಲೂ ಹಗೆಯಿಲ್ಲ. ಕೊಲೆಯಾದ ಮೇಲೂ ಉಳಿದಿದ್ದ ನಂಟು ಏನೂ ಆಗದೆಯೇ ಕಳೆದುಹೋಗಿದೆ.