ಹಂಚಬಾರದ ಗುಳಿಗೆ

ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗುಂಡಿ ಅಕ್ಕ ಎನ್ನುತ್ತಿದ್ದರು. ಅಂಗಿಗೆ ಗುಂಡಿ ಹಾಕುವುದು ಅವಳ ಕೆಲಸ, ಯಾರಿಗೂ ಜಗ್ಗದಿರುವುದು ಹುಟ್ಟುಗುಣ. ಮೇಸ್ತ್ರಿ ಒಂದು ಮಾತು ಗದರಿದರೆ ಇವಳದು ಎರಡು. "ಹಂಚಿ ಉಂಡರೆ ಹಸಿವಿಲ್ಲ" ಎಂಬ ಮಾತಂತೂ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಫ್ಲೂ ಜ್ವರ ಹಬ್ಬಿದಾಗಲೂ ಅದೇ ನ್ಯಾಯ. ರಜೆ ಎಂದರೆ ಮೇಸ್ತ್ರಿ ಮುಖ ಸಿಂಡರಿಸುತ್ತಿದ್ದ. ಹಾಗಾಗಿ ಯಾರಾದರೂ ಒಬ್ಬಳು ಡಾಕ್ಟರ ಹತ್ತಿರ ಹೋಗಿ ಬಂದರೆ ಸಾಕು, ಅವಳಿಗೆ ಕೊಟ್ಟ, ಫ್ಲೂ ವೈರಸ್ ತಡೆಯುವ ಗುಳಿಗೆಯ ಸ್ಟ್ರಿಪ್ಪನ್ನು ಅಕ್ಕ ನೂಲು ಕತ್ತರಿಸುವ ಕತ್ತರಿಯಿಂದಲೇ ಕತ್ತರಿಸಿ ಜ್ವರ ಬಂದವರಿಗೆಲ್ಲ ಎರಡೆರಡು ಹಂಚುತ್ತಿದ್ದಳು. ನುಂಗಿದವರು ಕೆಮ್ಮುತ್ತಲೇ ಮಿಷನ್ ತುಳಿಯುತ್ತಿದ್ದರು.

ಕೊನೆಗೆ ಪಕ್ಕದ ಮಿಷನ್ನಿನಲ್ಲಿ ಕೂರುವ ಅವಳ ಸ್ವಂತ ತಂಗಿಯೇ ಮಲಗಿದಳು. ತುಂಬು ಬಸುರಿ. ಅವಳಿಗೆ ಇಡೀ ಸ್ಟ್ರಿಪ್ ಕೊಟ್ಟರೂ ಜ್ವರ ಜಪ್ಪಯ್ಯ ಎನ್ನಲಿಲ್ಲ. ಉಸಿರಾಡಲು ಕಷ್ಟವಾಗಿ ಆಸ್ಪತ್ರೆ ಸೇರಿದಳು. ಏನು ಔಷಧಿ ಕೊಟ್ಟಿರಿ ಎಂದು ಡಾಕ್ಟರಮ್ಮ ಕೇಳಿದಾಗ ಅಕ್ಕ ಗುಳಿಗೆ ಹಂಚುತ್ತಿದ್ದುದನ್ನೂ ಇದ್ದ ಹಾಗೆ ಹೇಳಿಬಿಟ್ಟಳು.

"ಇವರಿಗೆ ತಗುಲಿರೋ ವೈರಸ್ಸಿಗೆ ಆ ಔಷಧಿ ನಾಟ್ತಾ ಇಲ್ಲಮ್ಮ. ಅರೆಬರೆ ಔಷಧಿಗೆ ಸಾಯದೆ ಉಳಿದದ್ದು ಅದನ್ನ ತಡ್ಕೊಳ್ಳೋದು ಕಲಿಯುತ್ತೆ. ಆಮೇಲೆ ಪಕ್ಕದವರಿಗೂ ಹತ್ತುತ್ತೆ. ನಿಮ್ಮಲ್ಲೂ ಹಾಗೇ ಆಗಿರಬಹುದು. ಬೇರೆ ಔಷಧಿ ಕೊಟ್ಟು ನೋಡ್ತೀವಿ."

ಅಕ್ಕ ತಂಗಿಯ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪುಣ್ಯಕ್ಕೆ ಬೇರೆ ಔಷಧಿ ಹಿಡಿಯಿತು, ತಾಯಿ ಮಗು ಇಬ್ಬರೂ ಉಳಿದರು. ಅಳು ಮುಗಿದ ಮೇಲೆ ಅಕ್ಕನಿಗೆ ಉಳಿದದ್ದು ಸಿಟ್ಟು. ಅದನ್ನು ಕಟ್ಟಿಕೊಂಡೇ ಕೆಲಸಕ್ಕೆ ಬಂದಳು.

ಅವತ್ತು ಕಾಲರ್ ಹೊಲಿಯುವವಳ ಮೈ ಸುಡುತ್ತಿತ್ತು, ಕೈಯಲ್ಲಿ ಹೊಸ ಸ್ಟ್ರಿಪ್. ರೂಢಿಯಂತೆ ನಾಲ್ಕಾರು ಕೈಗಳು ಚಾಚಿದವು. ಅಕ್ಕ ಸ್ಟ್ರಿಪ್ಪನ್ನು ಅವಳ ಮುಷ್ಟಿಯೊಳಗೇ ಮಡಚಿದಳು.

"ಇಷ್ಟೂ ನಿಂದೇ. ಮನೆಗೆ ಹೋಗಿ ಮಲಕ್ಕೋ. ಮುಗಿಸದೆ ಬಂದ್ಯೋ, ಕಾಲು ಮುರೀತೀನಿ."

ಮೇಸ್ತ್ರಿ ಓಡಿ ಬಂದ. "ಕಾಲರ್ ಯಾರು ಹೊಲೀತಾರೆ, ನಿಮ್ಮಪ್ಪನಾ?"

"ನಮ್ಮಪ್ಪ ಹೋಗಿ ಎಷ್ಟೋ ವರ್ಷ ಆಯ್ತು ಮೇಸ್ತ್ರಿ. ನಾವೇ ಹೊಲೀತೀವಿ."

"ನಿನ್ನ ಕೆಲಸಕ್ಕೇ ಸಂಚಕಾರ ಬರುತ್ತೆ, ನೋಡ್ಕೋ!"

"ಬರ್ಲಿ! ನನ್ನ ತಂಗಿ ಉಸಿರಿಗೇ ಬಂದಿತ್ತು, ಇದ್ಯಾವ ಲೆಕ್ಕ?"

ಆಮೇಲೆ ಚಾಚಿದ ಕೈಗಳತ್ತ ತಿರುಗಿದಳು. "ಊಟ ಹಂಚ್ಕೊಳ್ಳೋಣ, ಕೆಲಸ ಹಂಚ್ಕೊಳ್ಳೋಣ. ಈ ಗುಳಿಗೆ ಮಾತ್ರ ಇನ್ನು ಹಂಚಲ್ಲ. ಜ್ವರ ಬಂದೋರು ಡಾಕ್ಟ್ರ ಹತ್ರ ನಡೀರಿ."

ಕಾಲರ್ ಬುಟ್ಟಿಯನ್ನು ನಡುವೆ ಸುರಿದು, ಮೊದಲ ಹಿಡಿಯನ್ನು ತಾನೇ ಎತ್ತಿಕೊಂಡಳು. ಆಮೇಲೆ ಒಬ್ಬಳು ಬಂದಳು, ಇನ್ನೊಬ್ಬಳು ಬಂದಳು. ಮೇಸ್ತ್ರಿ ಕೂಗಾಡುತ್ತಿದ್ದಂತೆಯೇ ನೆಲದ ಮೇಲಿನ ರಾಶಿ ಖಾಲಿಯಾಯಿತು.